ಆಕ್ಸಿಜನ್ ಉಪಕರಣಕ್ಕೆ ಯಾವ ಗ್ರೀಸು? ಮೊದಲು ಕೈಯಲ್ಲಿರುವ ಎಣ್ಣೆ ಡಬ್ಬಿ ಕೆಳಗಿಡಿ

ಕೊಡಗಿನ ನಾಪೋಕ್ಲು ಕಡೆಯ ಒಂದು ತೋಟದ ಮನೆ. ಕಕ್ಕಡ ತಿಂಗಳ ಮಳೆ, ಮೂರು ದಿನದಿಂದ ಕರೆಂಟಿಲ್ಲ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಅಜ್ಜನ ಯಂತ್ರ, ಕಾನ್ಸನ್‌ಟ್ರೇಟರ್, ನಿಂತುಹೋಗಿದೆ. ಮೂಲೆಯಲ್ಲಿಟ್ಟಿದ್ದ ಸಿಲಿಂಡರ್ ತೆರೆಯಲು ಹೋದರೆ ವಾಲ್ವು ಅಲ್ಲಾಡುತ್ತಿಲ್ಲ. ನಾನು ಜೀಪಿನಿಂದ ಇಳಿಯುವ ಹೊತ್ತಿಗೆ ಮೊಮ್ಮಗ ಕೋವಿಗೆ ಹಾಕುವ ಎಣ್ಣೆಯ ಪುಟ್ಟ ಡಬ್ಬಿ ಹಿಡಿದು ನಿಂತಿದ್ದ.

“ಒಂದೇ ತೊಟ್ಟು ಬಿಟ್ಟಿದ್ದೀನಿ ಅಣ್ಣ. ಇನ್ನೈದು ನಿಮಿಷಕ್ಕೆ ಸಡಿಲ ಆಗುತ್ತೆ.”

“ಸ್ಪ್ಯಾನರ್ ಕೆಳಗಿಡು ಮಾರಾಯ. ಮೊದಲು ಅದನ್ನು ಕೆಳಗಿಡು.”

ಆ ಸಿಲಿಂಡರನ್ನು ತೆರೆಯದೆ ಹಾಗೇ ಹೊರಗೆ ಸಾಗಿಸಿ, ಜೀಪಿನಲ್ಲಿದ್ದ ಚಿಕ್ಕ ಸಿಲಿಂಡರನ್ನು ಅಜ್ಜನಿಗೆ ಹಚ್ಚಿದೆವು. ಯಾರಿಗೂ ಏನೂ ಆಗಲಿಲ್ಲ. ಹುಡುಗ ಮಾತ್ರ ಇಡೀ ದಿನ ಮುಖ ಊದಿಸಿಕೊಂಡಿದ್ದ, “ಕೋವಿಗೇ ಹಾಕೋ ಎಣ್ಣೆ, ಒಳ್ಳೇ ಎಣ್ಣೆ” ಅಂತ. ಅವನದು ತಪ್ಪಲ್ಲ. ನಮ್ಮ ಜಿಲ್ಲೆಯಲ್ಲಿ ಮಳೆಗಾಲ ಎಂದರೆ ತುಕ್ಕು, ತುಕ್ಕಿಗೆ ಮದ್ದು ಎಣ್ಣೆ. ಕಾಫಿ ಹಣ್ಣು ಸುಲಿಯುವ ಪಲ್ಪರ್‌ಗೆ ಗ್ರೀಸು, ಕಳೆ ಕೊಚ್ಚುವ ಯಂತ್ರಕ್ಕೆ ಟೂ-ಟಿ ಆಯಿಲ್, ಗೇಟಿನ ಕೀಲಿಗೆ ಕೊಬ್ಬರಿ ಎಣ್ಣೆ, ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಕೋವಿಗೆ ಅದರದೇ ಎಣ್ಣೆ. ಬಿಗಿಯಾದದ್ದಕ್ಕೆಲ್ಲ ಒಂದು ತೊಟ್ಟು ಬಿಡುವುದು ಕೈಗೆ ಅಂಟಿದ ಅಭ್ಯಾಸ. ಆಕ್ಸಿಜನ್ ಇರುವ ಕಡೆ ಇದೇ ಅಭ್ಯಾಸ ಕೈ ಸುಡುತ್ತದೆ, ಕೆಲವೊಮ್ಮೆ ಮುಖವನ್ನೂ.

ಸಿಲಿಂಡರ್, ಅದರ ಒತ್ತಡ ಇಳಿಸುವ ರೆಗ್ಯುಲೇಟರ್, ಹರಿವು ಅಳೆಯುವ ಫ್ಲೋಮೀಟರ್, ಕಾನ್ಸನ್‌ಟ್ರೇಟರ್ ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ: ಸಣ್ಣ ಆಸ್ಪತ್ರೆಯ ತಂತ್ರಜ್ಞರು, ತೋಟದ ಡಿಸ್ಪೆನ್ಸರಿಯ ನರ್ಸ್‌ಗಳು, ಮನೆಯಲ್ಲಿ ಹಿರಿಯರಿಗೆ ಆಕ್ಸಿಜನ್ ಕೊಡುತ್ತಿರುವವರು. ಮುಂದೆ ಗ್ರೀಸಿನ ಹೆಸರುಗಳು ಬರುತ್ತವೆ. ಆದರೆ ನನ್ನ ಅನುಭವದಲ್ಲಿ ಹತ್ತು ಸಲ ‘ಯಾವ ಗ್ರೀಸು’ ಎಂದು ಕೇಳಿದರೆ ಎಂಟು ಸಲದ ಉತ್ತರ ‘ಯಾವುದೂ ಬೇಡ’ ಎಂದೇ.

ಎಣ್ಣೆ ಯಾಕೆ ಹೊತ್ತಿಕೊಳ್ಳುತ್ತದೆ

ಆಕ್ಸಿಜನ್ ತಾನು ಉರಿಯುವುದಿಲ್ಲ, ಬೇರೆಯದನ್ನು ಉರಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ಸುಮಾರು 21%. ಸಿಲಿಂಡರಿನೊಳಗೆ ಹೆಚ್ಚುಕಡಿಮೆ ಪೂರಾ ಅದೇ, ಅದೂ ಸುಮಾರು 150 ಬಾರ್ ಒತ್ತಡದಲ್ಲಿ. ಹೋಲಿಕೆಗೆ, ಜೀಪಿನ ಟಯರಿನಲ್ಲಿರುವುದು 2 ಬಾರ್ ಆಸುಪಾಸು.

ಸೈಕಲ್ ಪಂಪು ಜೋರಾಗಿ ಒತ್ತಿದರೆ ತುದಿ ಬಿಸಿಯಾಗುವುದನ್ನು ನೋಡಿರುತ್ತೀರಿ. ಸಿಲಿಂಡರ್ ವಾಲ್ವನ್ನು ಗಕ್ಕನೆ ತೆರೆದಾಗಲೂ ಅದೇ ಆಗುತ್ತದೆ, ಆದರೆ ಪ್ರಮಾಣ ಬೇರೆ. ರೆಗ್ಯುಲೇಟರಿನ ಬಾಯಲ್ಲಿದ್ದ ಅಷ್ಟಿಷ್ಟು ಅನಿಲವನ್ನು ಹಿಂದಿನಿಂದ ನುಗ್ಗುವ ಅನಿಲ ಕ್ಷಣಾರ್ಧದಲ್ಲಿ ಹಿಂಡುತ್ತದೆ. ಶಾಖ ಎಲ್ಲಿಗೂ ಸೋರಿಹೋಗಲು ಹೊತ್ತೇ ಇಲ್ಲ ಎಂದುಕೊಂಡರೆ, 1 ಬಾರ್‌ನಿಂದ 150 ಬಾರ್‌ಗೆ ಹಿಂಡಿದ ಅನಿಲ ಲೆಕ್ಕದ ಪ್ರಕಾರ 900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಿಜದಲ್ಲಿ ಅಷ್ಟಾಗದೇ ಇರಬಹುದು, ಆದರೆ ಯಂತ್ರದೆಣ್ಣೆ ಹೊತ್ತಿಕೊಳ್ಳಲು ಅದರ ಕಾಲು ಭಾಗ, ಮೂರನೆಯ ಒಂದು ಭಾಗ ಶಾಖವೇ ಸಾಕು. ಬೆಂಕಿಕಡ್ಡಿ ಬೇಡ, ಕಿಡಿ ಬೇಡ. ಎಣ್ಣೆಯ ಒಂದು ಪಸೆ ಮೊದಲು ಹೊತ್ತುತ್ತದೆ, ಅದರಿಂದ ರಬ್ಬರ್ ವಾಷರ್, ಅದರಿಂದ ಲೋಹ. ಅಲ್ಯೂಮಿನಿಯಂ ಇಂಥ ಹೊತ್ತಿನಲ್ಲಿ ಸೌದೆಯ ಹಾಗೆ ಉರಿಯುತ್ತದೆ. ಅಲ್ಯೂಮಿನಿಯಂ ರೆಗ್ಯುಲೇಟರುಗಳು ಹೊತ್ತಿ ಉರಿದ ಪ್ರಕರಣಗಳನ್ನು ನೋಡಿಯೇ 1999ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿ, ಹಿತ್ತಾಳೆಯವಕ್ಕೆ ಬದಲಾಯಿಸಿಕೊಳ್ಳಿ ಎಂದಿತ್ತು. ಈಗಲೂ ಹೊಸ ರೆಗ್ಯುಲೇಟರ್ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ: ಹಗುರ ಎಂದು ಮರುಳಾಗಬೇಡಿ, ಹಿತ್ತಾಳೆಯದು ತನ್ನಿ.

ಭಾರತದ ಗ್ಯಾಸ್ ಸಿಲಿಂಡರ್ ನಿಯಮಗಳೂ ಇದನ್ನು ನೇರವಾಗಿಯೇ ಹೇಳುತ್ತವೆ: ಸಿಲಿಂಡರಿನ ವಾಲ್ವಿಗಾಗಲಿ ಬೇರೆ ಫಿಟ್ಟಿಂಗಿಗಾಗಲಿ ಎಣ್ಣೆ ಅಥವಾ ಅಂಥ ಕೀಲೆಣ್ಣೆ ಹಚ್ಚಕೂಡದು. ಅಂದರೆ ಸಿಲಿಂಡರ್ ವಾಲ್ವಿನ ಮಟ್ಟಿಗೆ ಒಳ್ಳೆಯ ಗ್ರೀಸು, ಕೆಟ್ಟ ಗ್ರೀಸು ಎಂಬ ಚರ್ಚೆಗೇ ಜಾಗವಿಲ್ಲ.

ಮೊದಲ ಹೆಜ್ಜೆ: ಬಿಗಿ ಯಾಕಾಗಿದೆ ಎಂದು ನೋಡಿ

ಗ್ರೀಸು ಆರಿಸುವ ಮೊದಲು ರೋಗ ಗುರುತಿಸಬೇಕು. ಎಣ್ಣೆ ಒಣಗಿ ಬಿಗಿಯಾದದ್ದನ್ನು ಆಕ್ಸಿಜನ್ ಉಪಕರಣದಲ್ಲಿ ನಾನು ನೋಡಿದ್ದು ಬಹಳ ಕಡಿಮೆ. ನೋಡುವುದೆಲ್ಲ ಬೇರೆ ಕಾರಣಗಳೇ.

ಹಿಂದಿನ ಸಲ ಮುಚ್ಚಿದವರು ಜೀವ ಬಿಟ್ಟು ತಿರುಗಿಸಿರುತ್ತಾರೆ. ವಾಲ್ವು ಮುಚ್ಚಲು ಕೈಬಲ ಸಾಕು. ಕೀಲಿಗೆ ಪೈಪು ಸಿಕ್ಕಿಸಿ ಬಿಗಿದರೆ ವಾಲ್ವು ಕೂತು ಮುಚ್ಚುವ ಒಳಗಿನ ಸೀಟು ಜಜ್ಜಿಹೋಗುತ್ತದೆ, ಮುಂದಿನ ಸಲ ತೆರೆಯುವುದಿಲ್ಲ, ತೆರೆದರೂ ಸರಿಯಾಗಿ ಮುಚ್ಚುವುದಿಲ್ಲ. ನಾಪೋಕ್ಲಿನ ಸಿಲಿಂಡರಿಗೆ ಆಗಿದ್ದು ಇದೇ. ಎಣ್ಣೆ ಇಡೀ ಡಬ್ಬಿ ಸುರಿದಿದ್ದರೂ ಅದು ಸಡಿಲವಾಗುತ್ತಿರಲಿಲ್ಲ.

ಎರಡನೆಯದು ಕಿಲುಬು. ಹಿತ್ತಾಳೆಗೆ ತೇವ ತಾಗಿ ಹಸಿರು ಪುಡಿ ಕಟ್ಟುತ್ತದೆ. ಭಾಗಮಂಡಲ, ಮಡಿಕೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ವಾಲ್ವು ಬೆವರದೇ ಇದ್ದೀತೇ? ಹೊರಗಿನ ಥ್ರೆಡ್‌ನ ಕಿಲುಬಿಗೆ ಒಣಗಿದ, ಹೊಸ ನೈಲಾನ್ ಬ್ರಷ್ಷು ಸಾಕು. ಬೇರೆ ಕೆಲಸಕ್ಕೆ ಬಳಸಿದ ಬ್ರಷ್ಷು ಬೇಡ. ಉಜ್ಜುವಾಗ ಪುಡಿ ವಾಲ್ವಿನ ಬಾಯಿಗೆ ಬೀಳದ ಹಾಗೆ ಬಾಯಿ ಕೆಳಮುಖವಾಗಿರಲಿ, ಇಲ್ಲವೇ ಮುಚ್ಚಿರಲಿ. ಆಕ್ಸಿಜನ್ ದಾರಿಯಲ್ಲಿ ಲೋಹದ ಕಣವೊಂದು ಹಾರಿ ಬಡಿದರೂ ಕಿಡಿ ಹುಟ್ಟುತ್ತದೆ. ಎಣ್ಣೆಯಷ್ಟೇ ಕಸವೂ ಶತ್ರು.

ಮೂರನೆಯದು ತಪ್ಪು ಕೀಲಿ, ಸವೆದ ಕೀಲಿ. ನಾಲ್ಕನೆಯದು ಸೋರದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಉಬ್ಬಿರುವುದು ಅಥವಾ ಒಣಗಿ ಬಿರುಕು ಬಿಟ್ಟಿರುವುದು. ಇದಕ್ಕೆ ಗ್ರೀಸು ಮದ್ದಲ್ಲ, ಹೊಸ ಓ-ರಿಂಗ್ ಮದ್ದು.

ಸಿಲಿಂಡರ್ ವಾಲ್ವು ಕೈಬಲಕ್ಕೆ ಬಗ್ಗದಿದ್ದರೆ ‘ವಾಲ್ವು ಬಿಗಿ, ತೆರೆಯಬೇಡಿ’ ಎಂದು ಚೀಟಿ ಕಟ್ಟಿ ತುಂಬಿಸಿಕೊಟ್ಟವರಿಗೆ ವಾಪಸು ಕಳಿಸಿ. ಮೈಸೂರಿನ ತನಕ ಹೋಗಿ ಬರಬೇಕಲ್ಲ ಎಂಬ ಸಂಕಟ ನನಗೆ ಗೊತ್ತು. ಅದಕ್ಕೇ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ, ಮನೆಯಲ್ಲಿರುವ ಪ್ರತಿ ಸಿಲಿಂಡರನ್ನೂ ಒಮ್ಮೆ ತೆರೆದು ಮುಚ್ಚಿ ನೋಡಿಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಹಾಗೇ ಸಿಲಿಂಡರಿನ ಮೇಲಿನ ಪರೀಕ್ಷೆಯ ದಿನಾಂಕವನ್ನೂ ನೋಡಿ, ಐದು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಆಗಿರಬೇಕು.

ಎರಡನೆಯ ಹೆಜ್ಜೆ: ಎಲ್ಲಿ ಬೇಕು, ಎಲ್ಲಿ ಬೇಡ

ಉಪಕರಣವನ್ನು ಎದುರಿಗಿಟ್ಟುಕೊಂಡು ಒಂದೊಂದೇ ಜಾಗವನ್ನು ನೋಡೋಣ.

ದೊಡ್ಡ ಸಿಲಿಂಡರಿನ ಬುಲ್ ನೋಸ್ ಜೋಡಣೆ (ರೆಗ್ಯುಲೇಟರಿನ ದುಂಡು ಮೂತಿ ವಾಲ್ವಿಗೆ ತಿರುಪಿ ಕೂರುವ ಜಾಗ): ಏನೂ ಬೇಡ. ಲೋಹಕ್ಕೆ ಲೋಹ ಇಲ್ಲವೇ ಓ-ರಿಂಗ್ ಕೂತು ತಡೆಯುವ ಜಾಗವದು, ಥ್ರೆಡ್ ಬರೀ ಹಿಡಿದುಕೊಳ್ಳಲಿಕ್ಕೆ. ಇಲ್ಲಿಗೆ ಟೆಫ್ಲಾನ್ ಟೇಪು ಸುತ್ತುವವರೂ ಇದ್ದಾರೆ. ಅದೂ ಬೇಡ. ಟೇಪಿನ ಚೂರು ಹರಿದು ಒಳಗೆ ಹೋಗಿ ರೆಗ್ಯುಲೇಟರಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಸೋರಿದರೆ ಮುಖ ಒರೆಸಿ, ರಿಂಗ್ ಬದಲಿಸಿ.

ಚಿಕ್ಕ ಸಿಲಿಂಡರಿನ ಪಿನ್ ಇಂಡೆಕ್ಸ್ ನೊಗ (ಬೇರೆ ಅನಿಲದ್ದು ಕೂರದಂತೆ ಪಿನ್ನುಗಳಿರುವ ಹಿಡಿಕೆ): ಆಕ್ಸಿಜನ್ನಿನ ಪಿನ್ನುಗಳು 2 ಮತ್ತು 5ನೇ ಜಾಗದಲ್ಲಿರುತ್ತವೆ. ಮಧ್ಯದ ವಾಷರಿಗೆ ಗ್ರೀಸು ಬೇಡ. ಕೆಲವರು ಒಂದೇ ನೈಲಾನ್ ವಾಷರನ್ನು ವರ್ಷಗಟ್ಟಲೆ ಬಳಸುತ್ತಾರೆ, ಸೋರಿದಾಗ ಇನ್ನಷ್ಟು ಬಿಗಿಯುತ್ತಾರೆ, ಕೊನೆಗೆ ಬೆರಳಿನಲ್ಲಿ ಏನೋ ಸವರುತ್ತಾರೆ. ನೈಲಾನಿನದು ಒಂದು ಸಲದ ಬಳಕೆಗೆ ಮಾತ್ರ. ಸುತ್ತ ಲೋಹದ ಉಂಗುರವಿರುವ ರಬ್ಬರ್ ವಾಷರ್ ತರಿಸಿಕೊಂಡರೆ ಹಲವು ಸಲ ಬರುತ್ತದೆ, ಕೈಬಿಗಿಗೇ ಕೂರುತ್ತದೆ.

ರೆಗ್ಯುಲೇಟರಿನ ಒಳಗೆ: ಬಿಚ್ಚಬೇಡಿ. ಇದು ತಯಾರಕರ ತರಬೇತಿ ಮತ್ತು ಅವರದೇ ಕಿಟ್ ಇರುವವರ ಕೆಲಸ. ಒಳಗೆ ಗ್ರೀಸು ಇರುತ್ತದೆ ನಿಜ, ಆದರೆ ಎಲ್ಲಿ, ಎಷ್ಟು ಎಂಬುದು ಅವರ ಕೈಪಿಡಿಯಲ್ಲಿರುತ್ತದೆ. ಹೊರಗಿನಿಂದ ಸೂಜಿಯಲ್ಲಿ ಬಿಡುವ ಜಾಣತನ ಸಲ್ಲದು.

ಗೋಡೆಯ ಔಟ್‌ಲೆಟ್ಟಿನ ಓ-ರಿಂಗ್, ಫ್ಲೋಮೀಟರನ್ನು ಅದಕ್ಕೆ ಸಿಕ್ಕಿಸುವ ಮೂತಿ (ಪ್ರೋಬು), ಸೂಜಿ ವಾಲ್ವಿನ ಓ-ರಿಂಗ್: ಗ್ರೀಸಿನ ನಿಜವಾದ ಜಾಗ ಇವೇ. ದಿನಕ್ಕೆ ಹತ್ತು ಸಲ ಸಿಕ್ಕಿಸಿ ತೆಗೆಯುವ ಕಡೆ ಓ-ರಿಂಗ್ ಒಣಗಿ ಉಜ್ಜಿದರೆ ಹರಿಯುತ್ತದೆ. ಇಲ್ಲಿಗೆ ಆಕ್ಸಿಜನ್‌ಗೆಂದೇ ಮಾಡಿದ ಗ್ರೀಸು, ಅದೂ ಕೈಪಿಡಿ ಹೇಳಿದ್ದರೆ.

ಆಕ್ಸಿಜನ್ನಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಬಾಟಲಿಯ ಮುಚ್ಚಳ: ನೀರಿನಲ್ಲಿ ತೊಳೆದು ತಿರುಗಿಸಿ, ಅಷ್ಟೇ. ರೋಗಿಯ ಉಸಿರು ಹಾದುಹೋಗುವ ಜಾಗ ಅದು.

ಟ್ರಾಲಿ ಚಕ್ರ: ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಕ್ರಕ್ಕೆ ಆಕ್ಸಿಜನ್ ತಾಗುವುದಿಲ್ಲವಲ್ಲ ಎಂದು ಎಣ್ಣೆ ಬಿಡುತ್ತಾರೆ. ಚಕ್ರ ಮುಟ್ಟಿದ ಕೈಯೇ ಮುಂದೆ ವಾಲ್ವು ಮುಟ್ಟುತ್ತದೆ. ಕಿರುಗುಟ್ಟುವ ಚಕ್ರವನ್ನು ಬಿಚ್ಚಿ ಬೇರೆ ಕಡೆ ಒಯ್ದು ಸರಿಮಾಡಿ, ಒರೆಸಿ ತಂದು ಹಾಕಿ. ಚಕ್ರ ಬದಲಿಸಿದರೆ ಇನ್ನೂ ನೆಮ್ಮದಿ.

ಮೂರನೆಯ ಹೆಜ್ಜೆ: ಗ್ರೀಸಿನ ಕುಲ ತಿಳಿಯಿರಿ

ಆಕ್ಸಿಜನ್ ಕೆಲಸಕ್ಕೆ ಬರುವ ಗ್ರೀಸುಗಳಲ್ಲಿ ಮುಖ್ಯವಾದದ್ದು ಪರ್‌ಫ್ಲೂರೋಪಾಲಿಈಥರ್, ಚಿಕ್ಕದಾಗಿ ಪಿಎಫ್‌ಪಿಇ. ಸಾಮಾನ್ಯ ಎಣ್ಣೆಯಲ್ಲಿ ಇಂಗಾಲದ ಸುತ್ತ ಹೈಡ್ರೋಜನ್ ಇರುತ್ತದೆ, ಅದೇ ಉರುವಲು. ಈ ಎಣ್ಣೆಯಲ್ಲಿ ಹೈಡ್ರೋಜನ್ನಿನ ಜಾಗದಲ್ಲೆಲ್ಲ ಫ್ಲೋರಿನ್ ಕೂತಿದೆ. ಆಕ್ಸಿಜನ್ ಬಂದು ಕಿತ್ತುಕೊಳ್ಳಲು ಏನೂ ಉಳಿದಿಲ್ಲ. ಇದನ್ನು ಗಟ್ಟಿ ಮಾಡಲು ಬೆರೆಸುವುದು ಪಿಟಿಎಫ್‌ಇ ಪುಡಿ, ಅಂದರೆ ನಮ್ಮ ಟೆಫ್ಲಾನ್. ಎರಡೂ ಸುಲಭಕ್ಕೆ ಹೊತ್ತಿಕೊಳ್ಳುವಂಥವಲ್ಲ. ಕ್ರೈಟಾಕ್ಸ್, ಫೋಂಬ್ಲಿನ್, ಕ್ರಿಸ್ಟೋ-ಲ್ಯೂಬ್ ಎಂಬ ಹೆಸರುಗಳಲ್ಲಿ ಸಿಗುವುದು ಈ ಕುಲದವು. ಓ-ರಿಂಗಿಗೆ ಗ್ರೀಸಿನ ಗಟ್ಟಿತನ ಅಳೆಯುವ ಎನ್‌ಎಲ್‌ಜಿಐ ಲೆಕ್ಕದಲ್ಲಿ 2ರ ದಪ್ಪ ಹಿತ, ಕೈಗೆ ಬೆಣ್ಣೆಯ ಹಾಗೆ ಇರುತ್ತದೆ, ಹರಿದುಹೋಗುವುದಿಲ್ಲ.

ಇನ್ನೊಂದು ಕುಲ ಕ್ಲೋರೋಟ್ರೈಫ್ಲೂರೋಎಥಿಲೀನ್ ಎಣ್ಣೆಗಳದು, ಹ್ಯಾಲೋಕಾರ್ಬನ್ ಎಂದು ಕರೆಯುತ್ತಾರೆ. ಆಕ್ಸಿಜನ್ ಕೆಲಸದಲ್ಲಿ ಹಳೆಯ ಹೆಸರು. ಆದರೆ ನಮ್ಮಂಥವರ ಬಳಕೆಗೆ ನಾನು ಪಿಎಫ್‌ಪಿಇ ಕಡೆಗೇ ವಾಲುತ್ತೇನೆ. ಬಹುತೇಕ ರಬ್ಬರುಗಳನ್ನು ಅದು ಉಬ್ಬಿಸುವುದಿಲ್ಲ, ಬೇಗ ಒಣಗುವುದೂ ಇಲ್ಲ. ಎರಡೂ ಕುಲಗಳಿಗೆ ಒಂದು ಎಚ್ಚರಿಕೆ ಸಮಾನ: ಅಲ್ಯೂಮಿನಿಯಂ, ಮೆಗ್ನೀಷಿಯಂ ಲೋಹಗಳು ಒತ್ತಡದಲ್ಲಿ ಒಂದಕ್ಕೊಂದು ತಿಕ್ಕುವ ಜಾಗದಲ್ಲಿ, ಉದಾಹರಣೆಗೆ ಅಲ್ಯೂಮಿನಿಯಂ ಥ್ರೆಡ್ಡಿನಲ್ಲಿ, ಹಚ್ಚಬಾರದು. ಹೊಸದಾಗಿ ಗೀರಿದ ಅಲ್ಯೂಮಿನಿಯಂ ಇವುಗಳ ಜೊತೆ ಪ್ರತಿಕ್ರಿಯಿಸಬಹುದು.

ಈಗ ಬೇಡದವರ ಪಟ್ಟಿ, ಅಂಗಡಿಯಲ್ಲಿ ಕೇಳುವ ಕ್ರಮದಲ್ಲೇ.

ಸಿಲಿಕೋನ್ ಗ್ರೀಸು. ಬಹಳ ಜನ ಮೋಸ ಹೋಗುವುದು ಇಲ್ಲೇ. ನೋಡಲು ಶುದ್ಧ, ಬಿಳಿ, ವಾಸನೆಯಿಲ್ಲ, ಶಾಖ ತಡೆಯುತ್ತದೆ ಎಂದು ಟ್ಯೂಬಿನ ಮೇಲೇ ಬರೆದಿರುತ್ತದೆ. ಗಾಳಿಯಲ್ಲಿ ಶಾಖ ತಡೆಯುವುದು ಬೇರೆ, ಒತ್ತಡದ ಆಕ್ಸಿಜನ್ನಿನಲ್ಲಿ ತಡೆಯುವುದು ಬೇರೆ. ಇದು ಉರಿಯುತ್ತದೆ. ‘ಫುಡ್ ಗ್ರೇಡ್’ ಎಂಬ ಮಾತೂ ಹೀಗೇ. ತಿಂದರೆ ತೊಂದರೆಯಿಲ್ಲ ಎಂಬುದಷ್ಟೇ ಅದರ ಅರ್ಥ. ಕೊಬ್ಬರಿ ಎಣ್ಣೆಯೂ ಫುಡ್ ಗ್ರೇಡೇ.

ಡಬ್ಲ್ಯೂಡಿ-40 ಮತ್ತು ಅಂಥ ಸ್ಪ್ರೇಗಳು, ಹೊಲಿಗೆ ಯಂತ್ರದ ಎಣ್ಣೆ, ಕೋವಿ ಎಣ್ಣೆ, ಲಿಥಿಯಂ ಗ್ರೀಸು, ಪೆಟ್ರೋಲಿಯಂ ಜೆಲ್ಲಿ: ಎಲ್ಲವೂ ಉರುವಲು. ಥ್ರೆಡ್ ಸೀಲ್ ಮಾಡುವ ಲಾಕ್‌ಟೈಟ್‌ನಂಥ ಅಂಟುಗಳನ್ನೂ ಸಾಮಾನ್ಯವಾಗಿ ಶುದ್ಧ ಆಕ್ಸಿಜನ್ ಇರುವ ಕಡೆ ಬಳಸಬೇಡಿ ಎಂದು ಅವರದೇ ಮಾಹಿತಿ ಹಾಳೆ ಹೇಳುತ್ತದೆ, ಸಣ್ಣಕ್ಷರದಲ್ಲಿ. ಪೈಪಿನ ಓರೆ ಥ್ರೆಡ್ಡಿಗೆ ಸೀಲ್ ಬೇಕೇಬೇಕೆಂದರೆ ಆಕ್ಸಿಜನ್‌ಗೆ ಒಪ್ಪಿದ, ಎಣ್ಣೆ ಪಸೆಯಿಲ್ಲದ ಪಿಟಿಎಫ್‌ಇ ಟೇಪು ಬರುತ್ತದೆ. ಮೊದಲ ಎರಡು ಎಳೆ ಬಿಟ್ಟು ಸುತ್ತಿ. ಪ್ಲಂಬರ್ ಪೆಟ್ಟಿಗೆಯಲ್ಲಿ ಹೊರಳಾಡಿದ ಟೇಪು ಬೇಡ.

ನಾಲ್ಕನೆಯ ಹೆಜ್ಜೆ: ಮಾಹಿತಿ ಹಾಳೆ ಓದಿ, ಆಮೇಲೆ ದುಡ್ಡು ಕೊಡಿ

ಕೈಪಿಡಿಯಲ್ಲಿ ಗ್ರೀಸಿನ ಹೆಸರಿದ್ದರೆ ಅದನ್ನೇ ತನ್ನಿ, ಚರ್ಚೆ ಮುಗಿಯಿತು. ಹೆಸರಿಲ್ಲದಿದ್ದರೆ ತಯಾರಕರಿಗೆ ಪತ್ರ ಬರೆದು ಕೇಳಿ, ಉತ್ತರವನ್ನು ಫೈಲಿನಲ್ಲಿಡಿ. ಅಂಗಡಿಯವರು ‘ಇದೂ ಅದೂ ಒಂದೇ’ ಎಂದರೆ ಕೈಗೆ ಮಾಹಿತಿ ಹಾಳೆ ಕೇಳಿ ಪಡೆದು, ಹೀಗೆ ನೋಡಿ.

ಆಕ್ಸಿಜನ್ ಬಳಕೆಗೆ ಎಂದು ಸ್ಪಷ್ಟವಾಗಿ ಬರೆದಿದೆಯೇ? ‘ಜಡ’, ‘ಉರಿಯದ’, ‘ವೈದ್ಯಕೀಯ’ ಎಂಬ ಮಾತುಗಳು ಸಾಲವು. ಯಾವ ಪರೀಕ್ಷೆಯಾಗಿದೆ? ಬರ್ಲಿನ್ನಿನಲ್ಲಿರುವ ಬಿಎಎಂ ಎಂಬ ಜರ್ಮನ್ ಸರ್ಕಾರಿ ಸಂಸ್ಥೆ ಆಕ್ಸಿಜನ್ನಿನಲ್ಲಿ ಗ್ರೀಸುಗಳನ್ನು ಪರೀಕ್ಷಿಸಿ, ಇಷ್ಟು ಬಾರ್, ಇಷ್ಟು ಡಿಗ್ರಿ ತನಕ ಎಂದು ಮಿತಿ ಕೊಡುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಪರೀಕ್ಷೆಗಳಲ್ಲಿ ಜಿ72 ತಾನಾಗಿ ಹೊತ್ತುವ ಉಷ್ಣತೆಯದು, ಜಿ74 ಅನಿಲ ಗಕ್ಕನೆ ಬಡಿಯುವ ಪರೀಕ್ಷೆ. ನಮಗೆ ಜಿ74 ಮುಖ್ಯ, ಏಕೆಂದರೆ ಸಿಲಿಂಡರ್ ತೆರೆಯುವಾಗ ಆಗುವುದು ಅದೇ. ಉಸಿರಾಟದ ಉಪಕರಣ ಆಕ್ಸಿಜನ್ನಿಗೆ ಹೊಂದಬೇಕೆಂಬ ಬಗ್ಗೆ ಐಎಸ್‌ಒ 15001 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಉಲ್ಲೇಖವಿದ್ದರೆ ಒಳ್ಳೆಯ ಲಕ್ಷಣ.

ಸಂಖ್ಯೆ ಓದುವಾಗ ಎರಡನ್ನೂ ಜೋಡಿಯಾಗಿ ಓದಬೇಕು. ಒಂದು ಗ್ರೀಸಿನ ಮಿತಿ 60 ಡಿಗ್ರಿಯಲ್ಲಿ ಹೆಚ್ಚು ಬಾರ್ ಇದ್ದು, ಉಷ್ಣತೆ ಏರಿದಂತೆ ಕುಸಿಯುತ್ತದೆ. ಗೋಡೆಯ ಔಟ್‌ಲೆಟ್ಟಿನಲ್ಲಿ ಇರುವುದು 4 ಬಾರ್ ಸುಮಾರು, ಸಿಲಿಂಡರ್ ಕಡೆ 150. ಸಿಲಿಂಡರ್ ವಾಲ್ವಿಗೆ ಗ್ರೀಸು ಹಚ್ಚುವುದಿಲ್ಲವಾದರೂ, ಆ ಕಡೆಯ ಲೆಕ್ಕಕ್ಕೂ ಒಪ್ಪುವ ಒಂದೇ ಗ್ರೀಸು ನಾನು ಇಡುತ್ತೇನೆ. ಎರಡು ಟ್ಯೂಬು ಇದ್ದರೆ ಒಂದು ದಿನ ತಪ್ಪು ಟ್ಯೂಬು ಕೈಗೆ ಬರುವುದು ಖಂಡಿತ.

ಒಂದೇ ಹೆಸರಿನಡಿ ಹಲವು ನಮೂನೆಗಳಿರುತ್ತವೆ. ತುಕ್ಕು ತಡೆಯಲು, ಭಾರ ತಡೆಯಲು ಬೇರೆ ವಸ್ತು ಬೆರೆಸಿದವು ಇರುತ್ತವೆ. ಹಾಗಾಗಿ ‘ಕ್ರೈಟಾಕ್ಸ್ ಕೊಡಿ’ ಎಂದರೆ ಸಾಲದು, ಪೂರ್ತಿ ಸಂಖ್ಯೆ ಹೇಳಿ, ಬಂದ ಟ್ಯೂಬಿನ ಸಂಖ್ಯೆಯನ್ನು ಪ್ರಮಾಣಪತ್ರದ ಜೊತೆ ತಾಳೆ ನೋಡಿ. ಬ್ಯಾಚ್ ಸಂಖ್ಯೆಯನ್ನೂ. ಬೆಲೆ ಕೇಳಿದಾಗ ಎದೆ ಧಸಕ್ಕೆನ್ನುತ್ತದೆ, ಸಾಧಾರಣ ಗ್ರೀಸಿಗಿಂತ ಹತ್ತಾರು ಪಟ್ಟು. ಆದರೆ ಬಳಕೆ ಎಷ್ಟು ಕಡಿಮೆ ಎಂದರೆ ಅರ್ಧ ಔನ್ಸಿನ, ಅಂದರೆ 14 ಗ್ರಾಮಿನ ಟ್ಯೂಬು ಒಂದು ಸಣ್ಣ ಆಸ್ಪತ್ರೆಗೆ ಬಹಳ ಕಾಲ ಬರುತ್ತದೆ. ದೊಡ್ಡ ಡಬ್ಬಿ ಒಡೆದು ಪ್ಲಾಸ್ಟಿಕ್ ಡಬ್ಬಿಗೆ ತುಂಬಿಕೊಟ್ಟದ್ದನ್ನು ಮಾತ್ರ ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಆ ಡಬ್ಬಿಯಲ್ಲಿ ಮೊದಲು ಏನಿತ್ತು ಎಂದು ಯಾರಿಗೆ ಗೊತ್ತು?

ಕೈಯಲ್ಲಿ ತೂಗಿ ನೋಡುವ ಒಂದು ಕುರುಹಿದೆ. ಪಿಎಫ್‌ಪಿಇ ನೀರಿಗಿಂತ ಸುಮಾರು 1.9 ಪಟ್ಟು ಭಾರ. ಚಿಕ್ಕ ಟ್ಯೂಬೂ ಅಂಗೈಯಲ್ಲಿ ಗಟ್ಟಿ ಕೂರುತ್ತದೆ. ಹಗುರವಾಗಿದ್ದರೆ ಅನುಮಾನಿಸಿ. ಭಾರವಾಗಿದೆ ಎಂದು ಮಾತ್ರ ನಂಬಿಬಿಡಬೇಡಿ.

ಐದನೆಯ ಹೆಜ್ಜೆ: ಶುಚಿ ಮಾಡುವುದೇ ಮುಕ್ಕಾಲು ಕೆಲಸ

ಎಷ್ಟೇ ದುಬಾರಿ ಗ್ರೀಸಾದರೂ ಹಳೆಯ ಎಣ್ಣೆಯ ಮೇಲೆ ಹಚ್ಚಿದರೆ ಅದು ಬೆಂಕಿಗೆ ಹೊದಿಕೆ ಹೊದಿಸಿದ ಹಾಗೆ. ಕೆಲಸದ ಜಾಗ ಮೊದಲು. ಕಾಫಿ ಹಲ್ಲಿಂಗ್ ನಡೆಯುವ ಗೋದಾಮಿನ ಪಕ್ಕ, ಅಡಿಗೆಮನೆಯ ಮೇಜು, ಜೀಪಿನ ಬಾನೆಟ್ಟು ಬೇಡ. ಕಿಟಕಿಯಿರುವ ಕೋಣೆ, ಹೊಸ ಬಿಳಿ ಹಾಳೆ ಹಾಸಿದ ಮೇಜು ಸಾಕು. ಹಾಳೆ ಬಿಳಿಯಿದ್ದರೆ ಎಣ್ಣೆಯ ಕಲೆ ತಾನೇ ಕಾಣುತ್ತದೆ.

ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಪುಡಿಯಿಲ್ಲದ ಹೊಸ ನೈಟ್ರೈಲ್ ಗ್ಲೌಸ್ ಹಾಕಿ. ತಲೆಗೆ ಎಣ್ಣೆ ಹಚ್ಚಿದ ದಿನ ಹಣೆ ಒರೆಸಿಕೊಂಡ ಗ್ಲೌಸ್ ಬದಲಿಸಿ. ಮಧ್ಯಾಹ್ನ ಪಂದಿ ಕರಿ ತಿಂದು ಬಂದು ನೇರ ಕೆಲಸಕ್ಕೆ ಕೂರುವವರಿಗೆ ಬೇರೆ ಹೇಳಬೇಕಿಲ್ಲವಷ್ಟೆ. ಸ್ಯಾನಿಟೈಸರ್ ಬಳಸಿದರೆ ಅದು ಪೂರ್ತಿ ಆರಿದ ಮೇಲಷ್ಟೇ ವಾಲ್ವು ಮುಟ್ಟಿ, ಅದು ಮದ್ಯಸಾರ. ಸ್ಪ್ಯಾನರು, ಓ-ರಿಂಗ್ ಎಬ್ಬಿಸುವ ಕಡ್ಡಿಗಳನ್ನು ಆಕ್ಸಿಜನ್ ಕೆಲಸಕ್ಕೆಂದೇ ಬೇರೆ ಇಟ್ಟು, ಹಸಿರು ಟೇಪು ಸುತ್ತಿದ್ದೇನೆ. ಅವು ಜೀಪಿನ ಟೂಲ್ ಬಾಕ್ಸಿಗೆ ಕಾಲಿಡುವುದಿಲ್ಲ.

ಓ-ರಿಂಗ್ ಬಿಚ್ಚಿದ ಮೇಲೆ ಅದನ್ನು ಎಸೆಯಿರಿ. ಅದು ಕೂರುವ ತೋಡನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ಇಲ್ಲೊಂದು ವಿಷಯ ಅನೇಕರಿಗೆ ಹೊಳೆಯುವುದಿಲ್ಲ: ಹಳೆಯ ಪಿಎಫ್‌ಪಿಇ ಗ್ರೀಸು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗುವುದಿಲ್ಲ. ಅದಕ್ಕೆ ಫ್ಲೋರಿನ್ ಇರುವ ವಿಶೇಷ ದ್ರಾವಕವೇ ಬೇಕು. ನಾವು ಮಾಡಬಹುದಾದದ್ದು ಬಟ್ಟೆಯಿಂದ ಮತ್ತೆ ಮತ್ತೆ ಒರೆಸುವುದು. ಆಲ್ಕೋಹಾಲಿನಲ್ಲಿ ಜಿಡ್ಡು ಸುಲಭವಾಗಿ ಕರಗಿ ಬಂತು ಎಂದರೆ ಖುಷಿ ಪಡಬೇಡಿ. ಅಲ್ಲಿ ಇದ್ದದ್ದು ಬೇರೆ ಎಣ್ಣೆ ಎಂದೇ ತಿಳಿದು, ಆ ಭಾಗವನ್ನು ಬಳಕೆಯಿಂದ ತೆಗೆದು ಸರ್ವಿಸಿಗೆ ಕಳಿಸಿ. ಬಳಸಿದ ಆಲ್ಕೋಹಾಲ್ ಪೂರ್ತಿ ಆರಬೇಕು. ನಮ್ಮ ಜುಲೈ ಹವೆಯಲ್ಲಿ ಅದು ನಿಧಾನ, ಸಂಜೆ ಒರೆಸಿದ್ದನ್ನು ನಾನು ಬೆಳಿಗ್ಗೆ ಜೋಡಿಸುತ್ತೇನೆ. ಬೇಗ ಒಣಗಲಿ ಎಂದು ಟಯರ್ ಅಂಗಡಿಯ ಕಂಪ್ರೆಸರ್ ಗಾಳಿ ಊದಬೇಡಿ, ಅದರಲ್ಲಿ ಎಣ್ಣೆಯ ಮಂಜು ಇರುತ್ತದೆ. ಒಲೆಯ ಮೇಲೆ ಹಿಡಿಯುವುದಂತೂ ಬೇಡವೇ ಬೇಡ.

ಎಣ್ಣೆ ಉಳಿದಿದೆಯೇ ಎಂದು ನೋಡಲು ಅತಿನೇರಳೆ ಟಾರ್ಚು ಸಹಾಯಕ್ಕೆ ಬರುತ್ತದೆ. ಕತ್ತಲೆಯಲ್ಲಿ ಹಿಡಿದರೆ ಯಂತ್ರದೆಣ್ಣೆಗಳು ನೀಲಿ-ಬಿಳಿಯಾಗಿ ಹೊಳೆಯುತ್ತವೆ. ಹೊಳೆದರೆ ಎಣ್ಣೆಯಿದೆ ಎಂದು ಹೇಳಬಹುದು, ಹೊಳೆಯದಿದ್ದರೆ ಇಲ್ಲ ಎಂದು ಹೇಳಲಾಗದು. ಸಿಲಿಕೋನ್ ಮತ್ತು ಕೆಲವು ಎಣ್ಣೆಗಳು ಹೊಳೆಯುವುದೇ ಇಲ್ಲ.

ಆರನೆಯ ಹೆಜ್ಜೆ: ಹಚ್ಚುವುದು ಮತ್ತು ತೆರೆಯುವುದು

ಅರ್ಧ ಅಕ್ಕಿಕಾಳಿನಷ್ಟು ಗ್ರೀಸು ಗ್ಲೌಸಿನ ಬೆರಳುಗಳ ನಡುವೆ ತೆಗೆದುಕೊಂಡು ಹೊಸ ಓ-ರಿಂಗನ್ನು ಅದರಲ್ಲಿ ಸುತ್ತಿ. ರಿಂಗ್ ಮಿನುಗಬೇಕು, ಬಿಳಿ ಮುದ್ದೆ ಕಾಣಬಾರದು. ಹೆಚ್ಚಾದದ್ದು ಕಸ ಹಿಡಿಯುತ್ತದೆ, ರಂಧ್ರ ಕಟ್ಟುತ್ತದೆ. ರಿಂಗಿಗೆ ಮಾತ್ರ, ಥ್ರೆಡ್ಡಿಗಲ್ಲ, ಸೀಟಿಗಲ್ಲ. ಟ್ಯೂಬಿನ ಬಾಯಿ ಒರೆಸಿ ಮುಚ್ಚಿ, ಜಿಪ್ ಚೀಲದಲ್ಲಿಡಿ. ಗ್ರೀಸು ಮೆತ್ತಿದ ಬೆರಳಲ್ಲಿ ಬೀಡಿ, ಸಿಗರೇಟು ಹಚ್ಚಬಾರದು. ಸುಮಾರು 300 ಡಿಗ್ರಿ ದಾಟಿದರೆ ಇದು ಒಡೆದು ವಿಷದ ಹೊಗೆ ಕೊಡುತ್ತದೆ. ಆಕ್ಸಿಜನ್ ಇರುವ ಕಡೆ ಬೀಡಿ ಯಾಕೆ ಎಂಬುದು ಬೇರೆ ಪ್ರಶ್ನೆ.

ಜೋಡಿಸುವ ಮೊದಲು ಸಿಲಿಂಡರ್ ಬಾಯಿಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಕ್ಷಣಮಾತ್ರ ತೆರೆದು ಮುಚ್ಚಿ ಧೂಳು ಹಾರಿಸಿ. ರೆಗ್ಯುಲೇಟರ್ ಕೂರಿಸಿ, ಫ್ಲೋ ಸೊನ್ನೆಗಿಡಿ. ಗೇಜಿನ ಮುಂದೆ ನಿಲ್ಲದೆ ಪಕ್ಕಕ್ಕೆ ನಿಂತು, ವಾಲ್ವನ್ನು ಗೇಜಿನ ಮುಳ್ಳು ಮೆಲ್ಲಗೆ ಏರುವಷ್ಟು ನಿಧಾನಕ್ಕೆ ತೆರೆಯಿರಿ. ಮುಳ್ಳು ನಿಂತ ಮೇಲೆ ಉಳಿದದ್ದು ತೆರೆದು, ಕಾಲು ಸುತ್ತು ಹಿಂದಕ್ಕೆ. ಸೋರಿಕೆ ನೋಡಲು ಆಕ್ಸಿಜನ್‌ಗೆ ಒಪ್ಪುವ ಸೋರಿಕೆ ದ್ರವ ಬಳಸಿ, ಆಮೇಲೆ ಒರೆಸಿ. ಬಟ್ಟೆ ಸೋಪು ಕೊಬ್ಬಿನಿಂದ ಮಾಡಿದ್ದು, ನೊರೆ ಆರಿದ ಮೇಲೆ ಪಸೆ ಉಳಿಯುತ್ತದೆ.

ಕಾನ್ಸನ್‌ಟ್ರೇಟರ್ ಇರುವ ಮನೆಯವರಿಗೆ

ಈ ಯಂತ್ರಕ್ಕೆ ಎಲ್ಲಿಯೂ ಎಣ್ಣೆ ಬೇಡ. ಒಳಗಿನ ಕಂಪ್ರೆಸರ್ ಎಣ್ಣೆಯಿಲ್ಲದೆ ಓಡುವಂತೆಯೇ ಮಾಡಿದ್ದು: ಪಿಸ್ಟನ್ನಿಗೆ ಟೆಫ್ಲಾನ್ ಜಾತಿಯ ಬಟ್ಟಲು, ಬೇರಿಂಗು ಮುಚ್ಚಿದ್ದು. ಶಬ್ದ ಜೋರಾಯಿತೆಂದು ಯಾರೋ ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟದ್ದನ್ನು ಒಮ್ಮೆ ಬಿಚ್ಚಿ ನೋಡಿದ್ದೇನೆ. ಎಣ್ಣೆಯ ಆವಿ ಒಳಗಿನ ಜಿಯೋಲೈಟ್ ಹರಳುಗಳಿಗೆ ಮೆತ್ತಿ, ಗಾಳಿಯಿಂದ ನೈಟ್ರೋಜನ್ ಹಿಡಿಯುವ ಅವುಗಳ ಶಕ್ತಿಯೇ ಹೋಗಿತ್ತು. 90ರಿಂದ 96% ಆಕ್ಸಿಜನ್ ಕೊಡಬೇಕಾದ ಯಂತ್ರ ಬರೀ ಗಾಳಿ ಊದುತ್ತಿತ್ತು. ಮನೆಯವರಿಗೆ ಅದು ಗೊತ್ತೇ ಆಗಿರಲಿಲ್ಲ, ಏಕೆಂದರೆ ಶಬ್ದ ನಿಂತಿತ್ತಲ್ಲ!

ನಮ್ಮಲ್ಲಿ ಇದರ ದೊಡ್ಡ ಶತ್ರು ತೇವ. ಹೊರಗಿನ ಫಿಲ್ಟರನ್ನು ತೊಳೆದರೆ ಪೂರ್ತಿ ಒಣಗಿದ ಮೇಲೆ ಹಾಕಿ. ಮಳೆಗಾಲದಲ್ಲಿ ಬಟ್ಟೆಯ ಜೊತೆ ಒಲೆಯ ಮೇಲೆ ಒಣಹಾಕಿದರೆ ಮಸಿ, ಜಿಡ್ಡು ಎರಡೂ ಕೂರುತ್ತವೆ. ಎರಡು ಫಿಲ್ಟರ್ ಇಟ್ಟುಕೊಂಡು ಸರದಿ ಮಾಡಿ.

ರೋಗಿಯ ಮೂಗು, ತುಟಿ ಒಣಗಿದರೆ ಕೊಬ್ಬರಿ ಎಣ್ಣೆ, ವ್ಯಾಸಲಿನ್, ನೆಗಡಿಯ ಮುಲಾಮು ಹಚ್ಚಬೇಡಿ. ನೀರಿನಿಂದ ಮಾಡಿದ ಜೆಲ್ ಅಥವಾ ಸಲೈನ್ ಹನಿ ಯಾವುದೆಂದು ವೈದ್ಯರನ್ನು ಕೇಳಿ. ಅಜ್ಜನ ಮಂಚ ಐನ್‌ಮನೆಯ (ಕುಟುಂಬದ ಮೂಲಮನೆಯ) ದೀಪ ಉರಿಯುವ ನಡುಮನೆ, ಅಂದರೆ ನೆಲ್ಲಕ್ಕಿ ನಡುಬಾಡೆಯಲ್ಲಿದ್ದರೆ ದೀಪ ಒಂದು ಕಡೆ, ಆಕ್ಸಿಜನ್ ದೂರದ ಇನ್ನೊಂದು ಕೋಣೆಯಲ್ಲಿ ಇರಲಿ. ದೀಪಕ್ಕೆ ಎಣ್ಣೆ ಹೊಯ್ದ ಕೈಯನ್ನು ತೊಳೆಯದೆ ಸಿಲಿಂಡರ್ ಮುಟ್ಟಬೇಡಿ ಎಂದರೆ ಹಿರಿಯರು ಬೇಸರಿಸುವುದಿಲ್ಲ, ಕಾರಣ ಹೇಳಿದರೆ ಸಾಕು.

ಆಸ್ಪತ್ರೆಯ ಆಕ್ಸಿಜನ್ ಘಟಕದ ಸಂಗತಿ ಬೇರೆ. ಅಲ್ಲಿನ ಸ್ಕ್ರೂ ಕಂಪ್ರೆಸರಿಗೆ ಎಣ್ಣೆ ಇರಬಹುದು, ಇರಲಿ. ಅದು ಬರೀ ಗಾಳಿಯ ಕಡೆ. ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿ, ಎಣ್ಣೆ ಹಿಡಿಯುವ ಫಿಲ್ಟರುಗಳನ್ನು ಗಂಟೆ ಲೆಕ್ಕಕ್ಕೆ ಬದಲಿಸಿ. ಜಿಯೋಲೈಟ್ ಗೋಪುರ ದಾಟಿದ ಮೇಲೆ ಮೇಲಿನ ನಿಯಮಗಳೇ. ದ್ರವ ಆಕ್ಸಿಜನ್ ಟ್ಯಾಂಕಿಗಂತೂ ನಮ್ಮಂಥವರು ಕೈ ಹಾಕುವಂತಿಲ್ಲ. ಮೈನಸ್ 183 ಡಿಗ್ರಿಯ ಆ ದ್ರವ ಡಾಂಬರು ನೆಲಕ್ಕೆ ಚೆಲ್ಲಿದರೆ, ಮೇಲೆ ಏನಾದರೂ ಬಿದ್ದಷ್ಟಕ್ಕೇ ಸಿಡಿಯಬಹುದು. ಅದಕ್ಕೇ ಅದರ ಕೆಳಗೆ ಕಾಂಕ್ರೀಟು.

ತಪ್ಪಿ ಎಣ್ಣೆ ತಾಗಿದರೆ

ವಾಲ್ವು ಮುಚ್ಚಿದ್ದರೆ ಮುಚ್ಚಿದ ಹಾಗೇ ಇರಲಿ. ಒರೆಸಿದೆ, ಈಗ ಸರಿಹೋಯಿತು ಎಂದು ತೆರೆಯಬೇಡಿ, ಥ್ರೆಡ್ಡಿನೊಳಗೆ ಇಳಿದದ್ದು ಒರೆಸಿದರೆ ಬರುವುದಿಲ್ಲ. ರೋಗಿಗೆ ಬೇರೆ ಸಿಲಿಂಡರ್ ಹಚ್ಚಿ, ಇದನ್ನು ನೆಟ್ಟಗೆ ನಿಲ್ಲಿಸಿದ ಹಾಗೇ ಹೊರಗೆ, ಮಾಡಿನ ಕೆಳಗೆ, ಬೆಂಕಿಯಿಂದ ದೂರ ಕಟ್ಟಿ ನಿಲ್ಲಿಸಿ. ತುಂಬಿಸಿಕೊಟ್ಟವರಿಗೆ ಮುಚ್ಚಿಡದೆ ಹೇಳಿ: ಯಾವ ಎಣ್ಣೆ, ಎಲ್ಲಿಗೆ, ಎಷ್ಟು. ಬೈಯುತ್ತಾರೆ, ಬೈಸಿಕೊಳ್ಳಿ.

ಚೀಟಿಯನ್ನು ಮಳೆಗೆ ಅಳಿಸಿಹೋಗುವ ಪೆನ್ನಿನಲ್ಲಿ ಬರೆಯಬೇಡಿ. ಕಾಫಿ ಚೀಲಕ್ಕೆ ಗುರುತು ಹಾಕುವ ಮಾರ್ಕರ್ ಎಲ್ಲರ ಮನೆಯಲ್ಲೂ ಇರುತ್ತದೆ. ಅದರಲ್ಲಿ ದಪ್ಪಕ್ಷರದಲ್ಲಿ ‘ಎಣ್ಣೆ ತಾಗಿದೆ’ ಎಂದು ಬರೆದು, ಕೆಳಗೆ ತಾರೀಕು ಹಾಕಿ, ವಾಲ್ವಿನ ಕುತ್ತಿಗೆಗೆ ಕಟ್ಟಿ.